ತಂದೆ ತೀರಿಸಬೇಕಾದ ಋಣ

ನಮ್ಮ ಧರ್ಮಶಾಸ್ತ್ರಗಳಲ್ಲಿ ಋಣವೆಂಬ ಮಾತು ಬಹುಕಾಲ ಒಂದೇ ದಿಕ್ಕಿನಲ್ಲಿ ಹರಿದುಬಂದಿದೆ. ಹುಟ್ಟಿದ ಮಗನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿಯೇ ಕಣ್ಣುಬಿಡುತ್ತಾನೆಂಬುದು ಅವುಗಳ ಮತ. ಕಲ್ಯಾಣದಲ್ಲಿ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಕುಡಿತ, ಜೂಜು, ಕಾಮ ಮೊದಲಾದವುಗಳಿಗಾಗಿ ಮಾಡಿದ ಸಾಲವನ್ನುಳಿದು ತಂದೆಯ ಮಿಕ್ಕ ಸಾಲವನ್ನು ಮಗನು ತೀರಿಸತಕ್ಕದ್ದೆಂಬ ವಿಧಿಯನ್ನು ವಿಸ್ತಾರವಾಗಿ ವಿವರಿಸಿದನು; ಏಳೆಂಟು ಶತಮಾನಗಳ ತರುವಾಯ ಇಂಗ್ಲಿಷರ ನ್ಯಾಯಾಲಯಗಳು ಆ ವಿಧಿಗೆ ಪುತ್ರನ ಧಾರ್ಮಿಕ ಹೊಣೆಯೆಂದು ಹೆಸರಿಟ್ಟು, ಅದರ ಬಲದ ಮೇಲೆ ಸಾಹುಕಾರರಿಗೆ ಧಾರಾಳವಾಗಿ ಡಿಕ್ರಿಗಳನ್ನು ಕೊಟ್ಟವು. ಮಗನು ತಂದೆಗೆ ಸಲ್ಲಿಸಬೇಕಾದುದರ ಲೆಕ್ಕವನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟ ನಾಡಿನಲ್ಲಿ, ತಂದೆಯು ಮಗುವಿಗೆ ಸಲ್ಲಿಸಬೇಕಾದುದರ ಲೆಕ್ಕವು, ಅದರಲ್ಲಿಯೂ ತಾಯಿತಂದೆಗಳು ಬೇರೆಯಾದ ಮೇಲೆ ಸಲ್ಲಿಸಬೇಕಾದುದರ ಲೆಕ್ಕವು, ಯಾವ ಪುಸ್ತಕದಲ್ಲಿ, ಯಾರ ಕೈಯಿಂದ, ಏಕೆ ಬರೆಯಲ್ಪಟ್ಟಿತೆಂಬುದು ಕುತೂಹಲಕರವಾದ ಒಂದು ಚರಿತ್ರೆ.

ಶಾಸ್ತ್ರಕಾರರಿಗೆ ಶಿಶುವಿನ ಮೇಲೆ ಕರುಣೆಯಿರಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ವೃದ್ಧರಾದ ಮಾತಾಪಿತೃಗಳನ್ನೂ ಸಾಧ್ವಿಯಾದ ಪತ್ನಿಯನ್ನೂ ಎಳೆಯ ಮಗುವನ್ನೂ ಅಕಾರ್ಯಗಳನ್ನು ಮಾಡಿಯಾದರೂ ಸಾಕಬೇಕೆಂಬ ಅರ್ಥದ ವಚನವೊಂದು ಮನುವಿನ ಹೆಸರಿನಲ್ಲಿ ಪ್ರಚಾರದಲ್ಲಿದ್ದು, ನಿಬಂಧಕಾರರು ಅದನ್ನು ಆದರದಿಂದ ಸ್ಮರಿಸಿದ್ದಾರೆ. ಆದರೆ ಧರ್ಮವು ಹೇಳಿದುದೆಲ್ಲ ಚಾವಡಿಯಲ್ಲಿ ಸಿಕ್ಕುತ್ತಿತ್ತೆಂದು ತಿಳಿಯಬಾರದು. ಮೇಲುಜಾತಿಗಳಲ್ಲಿ ವಿಚ್ಛೇದನವೆಂಬುದೇ ಇರಲಿಲ್ಲವಾದುದರಿಂದ ಗಂಡ ಬಿಟ್ಟವಳು ತವರಿನ ಅಡಿಗೆಮನೆಯನ್ನು ಸೇರುತ್ತಿದ್ದಳು, ಅವಳ ಕೂಸು ಸೋದರಮಾವನ ಮನೆಯ ಒಂದು ಹೆಚ್ಚಿನ ತಟ್ಟೆಯಾಗುತ್ತಿತ್ತು. ಬಿಡುಗಡೆಯ ಪದ್ಧತಿಯುಳ್ಳ ಇತರ ಅನೇಕ ಸಮುದಾಯಗಳಲ್ಲಿ ಪಂಚರು ಕೂಡಿ, ತೆರವಿನ ಹಣದ ವ್ಯವಹಾರವನ್ನು ಮುಗಿಸಿ, ಉತ್ತರದ ಸೀಮೆಯಲ್ಲಿ ಸೋಡಚೀಟಿಯೆಂದು ಕರೆಯುವ ಪತ್ರವನ್ನು ಬರೆಯಿಸಿ, ಹೆಣ್ಣಿಗೆ ಕೂಡಿಕೆಯಾಗಲು ಅನುಮತಿಯನ್ನೀಯುತ್ತಿದ್ದರು. ಮೊಲೆಗೂಸು ತಾಯಿಯ ಸಂಗಡ ಹೋಗಬೇಕೋ, ಬೆಳೆದ ಮೇಲೆ ತಂದೆಯ ಮನೆಗೆ ಮರಳಬೇಕೋ, ನಡುವಣ ವರ್ಷಗಳ ರಾಗಿ ಯಾರದೆಂಬುದು ಕುಲದ ಕಟ್ಟಳೆಗೂ ಪಂಚರ ವಿವೇಚನೆಗೂ ಬಿಟ್ಟ ಮಾತಾಗಿತ್ತು. ಪಂಚರ ಮಾತನ್ನು ತಂದೆಯು ಮೀರಿದರೆ ಮಗುವಿಗೆ ದಾರಿಯಿರಲಿಲ್ಲ.

ಆ ದಾರಿಯನ್ನು ಮೊದಲು ತೆರೆದ ಕಾಯಿದೆಯು ಕುಟುಂಬಕ್ಕೆ ಸಂಬಂಧಪಟ್ಟದ್ದಲ್ಲ, ಕಳ್ಳಕಾಕರಿಗೆ ಸಂಬಂಧಪಟ್ಟದ್ದೆಂಬುದೇ ಈ ಕಥೆಯ ಮೊದಲ ಆಶ್ಚರ್ಯ. 1861ರಲ್ಲಿ ಬ್ರಿಟಿಷ್ ಇಂಡಿಯಕ್ಕೆಂದು ರಚಿತವಾದ ದಂಡಪ್ರಕ್ರಿಯಾ ಸಂಹಿತೆಯ 316ನೆಯ ಕಲಮಿನಲ್ಲಿ, ಸಾಕಷ್ಟು ಅನುಕೂಲವಿದ್ದೂ ಹೆಂಡತಿಮಕ್ಕಳನ್ನು ಪೋಷಿಸದವನ ಮೇಲೆ ತಿಂಗಳ ಹಣವನ್ನು ವಿಧಿಸುವ ಅಧಿಕಾರವು ಮ್ಯಾಜಿಸ್ಟ್ರೇಟನಿಗೆ ದೊರೆಯಿತು. 1872ರ ಸಂಹಿತೆಯಲ್ಲಿ ಅದೇ 536ನೆಯ ಕಲಮಾಯಿತು. ಈ ಎರಡನೆಯ ಸಂಹಿತೆಯನ್ನು ಶಾಸನಸಭೆಯಲ್ಲಿ ನಡೆಯಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ಎಂಬ ಕಾನೂನು ಸದಸ್ಯನು ಉದ್ದೇಶವನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದನು: ಇದು ಅಲೆಮಾರಿತನವನ್ನು, ಅಥವಾ ಅದರ ಪರಿಣಾಮಗಳನ್ನಾದರೂ, ತಡೆಯುವ ಒಂದು ಉಪಾಯ. ಅನ್ನವಿಲ್ಲದ ಹೆಂಗಸು ಬೀದಿಗೆ ಬೀಳುತ್ತಾಳೆ, ಅನ್ನವಿಲ್ಲದ ಹುಡುಗನು ಜೇಬಿಗೆ ಕೈಹಾಕುತ್ತಾನೆ. ಆದುದರಿಂದ ತಂದೆಯಿಂದಲೇ ಹಣವನ್ನು ಕೀಳುವುದು ಸರ್ಕಾರಕ್ಕೆ ಲಾಭಕರ. ಈ ವಿವೇಕವನ್ನು ಅವನು ತನ್ನ ತಾಯ್ನಾಡಿನಿಂದ ತಂದಿದ್ದನು. ಅಲ್ಲಿ 1576ರಷ್ಟು ಹಿಂದೆಯೇ, ಮದುವೆಯಿಲ್ಲದೆ ಹುಟ್ಟಿದ ಮಗುವಿನ ಭಾರವು ಊರಿನ ಚರ್ಚಿನ ಬೊಕ್ಕಸದ ಮೇಲೆ ಬೀಳದಿರಲೆಂದು ಅದರ ತಂದೆಯಿಂದ ವಾರದ ಹಣವನ್ನು ವಸೂಲು ಮಾಡಲು ಶಾಸನವಾಗಿತ್ತು. 1844ರಲ್ಲಿ ಅಂತಹ ಮಗುವಿನ ತಾಯಿಯು ತಾನೇ ನ್ಯಾಯಾಧೀಶರೆದುರಿಗೆ ಹೋಗಿ ಆ ಹಣವನ್ನು ಬೇಡಬಹುದೆಂದಾಯಿತು. ಬೊಕ್ಕಸದ ಎಚ್ಚರವೇ ಅಲ್ಲಿ ಮಗುವಿನ ರಕ್ಷೆಯಾಗಿತ್ತು. ಬೀದಿಯ ಶಾಂತಿಯೇ ಇಲ್ಲಿ ಮಗುವಿನ ರಕ್ಷೆಯಾಯಿತು.

ಕರುಣೆಯಿಂದ ಹುಟ್ಟದಿದ್ದರೂ ಈ ಕಲಮಿನಲ್ಲಿ ಒಂದು ಔದಾರ್ಯವಿದ್ದಿತು. ಅದು ಜಾತಿಯನ್ನು ಕೇಳಲಿಲ್ಲ, ಮತವನ್ನು ಕೇಳಲಿಲ್ಲ. ಔರಸನಾಗಲಿ ವಿವಾಹಬಾಹಿರವಾಗಿ ಹುಟ್ಟಿದವನಾಗಲಿ, ತನ್ನನ್ನು ತಾನು ಸಾಕಿಕೊಳ್ಳಲಾರದ ಮಗುವೆಂದಷ್ಟೇ ಕೇಳಿತು. 1898ರ ಸಂಹಿತೆಯಲ್ಲಿ ಈ ವಿಧಿಯು 488ನೆಯ ಕಲಮಾಗಿ ನೆಲೆನಿಂತಾಗ ಅಲ್ಲಿ ಮಗುವಿಗೆ ಬಳಸಿದ ಸರ್ವನಾಮವು ಇಂಗ್ಲಿಷಿನ ನಪುಂಸಕಲಿಂಗದ ‘ಇಟ್‌ಸೆಲ್ಫ್’. ಕಲ್ಲಿಗೂ ಮರಕ್ಕೂ ಸಲ್ಲುವ ಸರ್ವನಾಮವನ್ನು ಮಗುವಿಗೆ ಇಟ್ಟರಲ್ಲಾ ಎಂದು ಅನ್ಯರು ಆಕ್ಷೇಪಿಸಬಹುದು, ನಾವು ಆಕ್ಷೇಪಿಸುವಂತಿಲ್ಲ. ಕನ್ನಡದಲ್ಲಿಯೂ ಮಗು ಬಂದಿತು, ಮಗು ಅತ್ತಿತು, ಮಗು ಉಂಡಿತು. ಗಂಡು ಹೆಣ್ಣೆಂಬ ಭೇದವು ಅದಕ್ಕೆ ಇನ್ನೂ ಅಂಟಿಲ್ಲ, ಉಣ್ಣಬೇಕೆಂಬುದೊಂದೇ ಅದರ ಲಕ್ಷಣ. ವ್ಯಾಕರಣದ ಈ ಸಮದೃಷ್ಟಿಯು ಶಾಸನಕರ್ತರಿಗೆ ಎಲ್ಲೆಡೆಯೂ ಇರಲಿಲ್ಲವೆಂಬುದಕ್ಕೆ ಕ್ರೈಸ್ತರಿಗೆಂದು ಮಾಡಿದ 1869ರ ವಿಚ್ಛೇದನ ಕಾಯಿದೆಯೇ ಸಾಕ್ಷಿ. ವಿಚ್ಛೇದನವಾದ ಮೇಲೆ ಮಕ್ಕಳ ಪೋಷಣೆ ವಿದ್ಯಾಭ್ಯಾಸಗಳ ಬಗೆಗೆ ನ್ಯಾಯಾಲಯವು ಆಜ್ಞೆ ಮಾಡಬಹುದೆಂದು ಅದು ಹೇಳಿತು. ಆದರೆ ತಂದೆಯು ದೇಶೀಯನಾಗಿದ್ದರೆ ಗಂಡುಮಗನ ಬಾಲ್ಯವು 16ಕ್ಕೂ ಹೆಣ್ಣುಮಗಳ ಬಾಲ್ಯವು 13ಕ್ಕೂ ಮುಗಿಯುತ್ತದೆಂದೂ, ಮಿಕ್ಕವರ ಮಕ್ಕಳಿಗೆ ಮದುವೆಯಾಗದಿದ್ದಲ್ಲಿ 18ರವರೆಗೆ ಬಾಲ್ಯವುಂಟೆಂದೂ ಅದೇ ಕಾಯಿದೆಯು ವ್ಯಾಖ್ಯೆ ಕೊಟ್ಟಿತು. ಹೀಗೆ ಅಪ್ಪನ ದೇಶವನ್ನು ನೋಡಿ ಮಗಳ ಬಾಲ್ಯಕ್ಕೆ ಐದು ವರ್ಷಗಳ ಕತ್ತರಿ ಬಿದ್ದಿತು.

488ನೆಯ ಕಲಮಿನ ಔದಾರ್ಯಕ್ಕೂ ಒಂದು ಮಿತಿಯಿದ್ದಿತು. ತಿಂಗಳಿಗೆ ಒಟ್ಟಾರೆ 50 ರೂಪಾಯಿಗಳನ್ನು ಮೀರಕೂಡದೆಂಬುದೇ ಆ ಮಿತಿ. 1923ರಲ್ಲಿ ಅದು 100 ಆಯಿತು, 1955ರಲ್ಲಿ 500 ಆಯಿತು. ವಸೂಲಿಯ ಕ್ರಮವು ಸರಳವೂ ಕಠೋರವೂ ಆಗಿದ್ದಿತು: ಹಣವನ್ನು ಕೊಡದವನ ಮೇಲೆ ವಾರಂಟು, ವಾರಂಟಿನಿಂದಲೂ ಹಣ ಹುಟ್ಟದಿದ್ದರೆ ಪ್ರತಿಯೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗಿನ ಸೆರೆ. ಇನ್ನೊಂದು ತೊಡಕು ಸ್ಥಳದ್ದು. ಗಂಡನು ಈಗ ಇರುವ ಊರಿನಲ್ಲಿ, ಇಲ್ಲವೆ ಇಬ್ಬರೂ ಕಡೆಯದಾಗಿ ಕೂಡಿ ಬಾಳಿದ ಊರಿನಲ್ಲಿ ಮಾತ್ರ ಅರ್ಜಿಯನ್ನು ಕೊಡಬೇಕಾಗಿತ್ತು. ಮುಂಬಯಿಯ ಗಿರಣಿಯನ್ನು ಸೇರಿದ ಗಂಡನನ್ನು ಕುರಿತು ಧಾರವಾಡದ ತವರಿನಲ್ಲಿ ಕುಳಿತ ಹೆಣ್ಣು, ಕಂಕುಳಲ್ಲಿ ಕೂಸನ್ನು ಕಟ್ಟಿಕೊಂಡು, ಜೀವನಾಂಶವನ್ನು ಬೇಡುವುದಕ್ಕೆ ಜೀವನವನ್ನೇ ಪಣವಾಗಿಟ್ಟು ಪರಸ್ಥಳಕ್ಕೆ ಹೋಗಬೇಕಾಗಿತ್ತು.

ಇಷ್ಟಕ್ಕೂ ಕನ್ನಡಿಗರೆಲ್ಲರೂ ಒಂದೇ ಕಾಯಿದೆಯ ನೆರಳಿನಲ್ಲಿರಲಿಲ್ಲ. ಮೈಸೂರಿನ ಮಹಾರಾಜರ ಸರ್ಕಾರವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ದೇಶದ ಇತರ ಭಾಗಗಳಿಗಿಂತ ಮುಂದೆ ನಡೆದಿತ್ತು. ಆದರೆ ವಿಚ್ಛೇದನದ ಬಾಗಿಲನ್ನು ಅದು ತೆರೆದಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1947ರ ಹಿಂದೂ ವಿಚ್ಛೇದನ ಕಾಯಿದೆಯಿಂದ ಧಾರವಾಡ, ಬೆಳಗಾಂವಿ, ಬಿಜಾಪುರ, ಕಾರವಾರಗಳ ಹಿಂದೂ ದಂಪತಿಗಳಿಗೂ, ಮದರಾಸು ಪ್ರಾಂತದಲ್ಲಿ 1949ರ ಕಾಯಿದೆಯಿಂದ ಮಂಗಳೂರು, ಬಳ್ಳಾರಿಗಳ ದಂಪತಿಗಳಿಗೂ ವಿಚ್ಛೇದನವು ಲಭ್ಯವಾದಾಗ, ತುಂಗಭದ್ರೆಯ ಆಚೆ ದಡದಲ್ಲಿ ಬಿಡಿಸಬಹುದಾದ ಗಂಟು ಈಚೆಯ ದಡದಲ್ಲಿ ಬ್ರಹ್ಮಗಂಟಾಗಿಯೇ ಉಳಿದಿತ್ತು. 1955ರ ಹಿಂದೂ ವಿವಾಹ ಕಾಯಿದೆಯು ಈ ಭೇದವನ್ನು ಅಳಿಸಿತು. ಅದರ 26ನೆಯ ಕಲಮು, ವಿವಾಹದ ವ್ಯಾಜ್ಯ ನಡೆಯುತ್ತಿರುವಾಗಲೂ ಅದು ಮುಗಿದ ಮೇಲೂ ಅಪ್ರಾಪ್ತ ಮಕ್ಕಳ ವಶ, ಪೋಷಣೆ, ವಿದ್ಯಾಭ್ಯಾಸಗಳನ್ನು ಕುರಿತು ಆಜ್ಞೆ ಮಾಡುವ, ಮಾಡಿದ ಆಜ್ಞೆಯನ್ನು ಕಾಲಾನುಸಾರವಾಗಿ ಮಾರ್ಪಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕಿತ್ತಿತು. ಮರುವರ್ಷದ ದತ್ತಕ ಮತ್ತು ಜೀವನಾಂಶ ಕಾಯಿದೆಯ 20ನೆಯ ಕಲಮಿನಲ್ಲಿ ಅದಕ್ಕಿಂತಲೂ ಗಂಭೀರವಾದ ಮಾತೊಂದು ಬಂದಿತು: ಮಕ್ಕಳನ್ನು ಸಾಕುವ ಹೊಣೆ ತಂದೆಗಿರುವಂತೆಯೇ ತಾಯಿಗೂ ಉಂಟು, ಅಪ್ರಾಪ್ತ ವಯಸ್ಸಿನವರೆಗೆ ಮಗನಿಗೂ, ತನ್ನನ್ನು ತಾನು ಸಾಕಿಕೊಳ್ಳಲಾರದ ಮಗಳಿಗಾದರೆ ಮದುವೆಯಾಗುವವರೆಗೂ ಅದು ಸಲ್ಲತಕ್ಕದ್ದು. ಬೀದಿಯ ಶಾಂತಿಯ ಮಾತು ಇಲ್ಲಿ ಇಲ್ಲ. ಮಗುವಿಗೆ ಬರಬೇಕಾದುದು ಬರಬೇಕಾದುದರಿಂದಲೇ ಬರಬೇಕೆಂದು ಶಾಸನವು ಮೊದಲ ಬಾರಿ ನೇರವಾಗಿ ನುಡಿಯಿತು.

ಅಲ್ಲಿಂದ ಮುಂದಿನ ಚರಿತ್ರೆಯು ಬಹುಮಟ್ಟಿಗೆ, ತಂದೆಯರು ಕೇಳಿದ ಪ್ರಶ್ನೆಗಳ ಮತ್ತು ನ್ಯಾಯಾಲಯಗಳು ಕೊಟ್ಟ ಉತ್ತರಗಳ ಚರಿತ್ರೆ. ಆಫ್ರಿಕದಲ್ಲಿ ಉದ್ಯೋಗದಲ್ಲಿದ್ದವನೊಬ್ಬನು ರಜದಲ್ಲಿ ಪಂಜಾಬಿನ ತನ್ನ ಊರಿಗೆ ಬಂದಿದ್ದಾಗ ಹೆಂಡತಿಯೂ ಮಗಳೂ ಅರ್ಜಿಯನ್ನು ಕೊಟ್ಟರೆ, ನಾನು ಇಲ್ಲಿಯ ನಿವಾಸಿಯಲ್ಲವೆಂದು ಅವನು ವಾದಿಸಿದನು. 1963ರಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು, ಹಾದುಹೋಗುವ ಅತಿಥಿಯ ತಂಗುವಿಕೆಗೂ ಮನೆಮಾಡಿ ಕೆಲಕಾಲವಾದರೂ ಬಾಳುವ ವಾಸಕ್ಕೂ ಇರುವ ಅಂತರವನ್ನು ಬಿಡಿಸಿ ತೋರಿಸಿ, ಅವನ ವಾಸವು ವಾಸವೇ ಎಂದು ತೀರ್ಪಿತ್ತರು. ಬೆಳೆದು ಕಾಲೇಜಿನಲ್ಲಿ ಓದುತ್ತಿರುವವನು ಮಗುವೇ ಎಂಬ ಪ್ರಶ್ನೆ 1969ರಲ್ಲಿ ಬಂದಿತು. ಕಲಮಿನಲ್ಲಿ ಮಗುವೆಂದಿದೆಯೇ ಹೊರತು ವಯಸ್ಸನ್ನು ಹೇಳಿಲ್ಲ, ತನ್ನನ್ನು ಸಾಕಿಕೊಳ್ಳಲಾರದಿರುವುದೇ ಅಳತೆ ಎಂದು ಸರ್ವೋಚ್ಚ ನ್ಯಾಯಾಲಯವು ಉತ್ತರವಿತ್ತಿತು. ಈ ಉತ್ತರವು ನಾಲ್ಕೇ ವರ್ಷ ಬಾಳಿತು.

1973ರ ಹೊಸ ಸಂಹಿತೆಯು 1974ರ ಏಪ್ರಿಲ್ 1ರಂದು ಜಾರಿಗೆ ಬಂದಾಗ 488 ಹೋಗಿ 125 ಬಂದಿತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಹಿಡಿದುಕೊಂಡಿತು. ವಿಚ್ಛೇದಿತಳೂ ಪುನರ್ವಿವಾಹವಾಗುವವರೆಗೆ ಪತ್ನಿಯೆಂಬ ಪದದಲ್ಲಿ ಸೇರಿದಳು. ಅರ್ಜಿಯನ್ನು ಆಕೆಯು ತಾನಿರುವ ಊರಿನಲ್ಲಿಯೇ ಕೊಡಬಹುದೆಂದಾಯಿತು. ಆದರೆ ಮಗುವಿಗೆ 18 ವರ್ಷಗಳ ಎಲ್ಲೆಯನ್ನು ಹಾಕಿದರು. ಅದನ್ನು ದಾಟಿದವನು, ಅಂಗವೈಕಲ್ಯದಿಂದಲೋ ಬುದ್ಧಿವೈಕಲ್ಯದಿಂದಲೋ ಅಸಮರ್ಥನಾದ ಹೊರತು, ಮ್ಯಾಜಿಸ್ಟ್ರೇಟನ ಬಾಗಿಲನ್ನು ಬಡಿಯುವಂತಿರಲಿಲ್ಲ. 500 ರೂಪಾಯಿಗಳ ಮಿತಿಯೂ ‘ಒಟ್ಟಾರೆ’ ಎಂಬ ಹಳೆಯ ಮಾತೂ ಹಾಗೆಯೇ ಉಳಿದವು.

ಆ ಒಂದು ಮಾತಿನ ಸುತ್ತ ನಡೆದ ವಾದವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಟ್ಟಾರೆ 500 ಎಂದರೆ ತಾಯಿಗೂ ಮಕ್ಕಳಿಗೂ ಎಲ್ಲರಿಗೂ ಕೂಡಿ 500 ಎಂದು ತಂದೆಯೊಬ್ಬನು 1978ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ವಾದಿಸಿದನು. ಅವನ ಅರ್ಥವೇ ನಿಂತಿದ್ದರೆ ಮಕ್ಕಳು ಹೆಚ್ಚಿದಷ್ಟೂ ಪ್ರತಿಯೊಂದು ಮಗುವಿನ ಅನ್ನವು ಕಿರಿದಾಗುತ್ತ ಹೋಗುತ್ತಿತ್ತು. ಒಂದು ಮಗುವಾದರೆ ತಾಯಿಗೂ ಅದಕ್ಕೂ ತಲೆಗೆ 250, ನಾಲ್ಕಾದರೆ ತಲೆಗೆ 100. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಒಟ್ಟಾರೆ ಎಂಬುದು ಅನ್ನ, ಬಟ್ಟೆ, ವಸತಿ ಮೊದಲಾದ ಬಾಬುಗಳ ಮೊತ್ತವನ್ನು ಹೇಳುತ್ತದೆ, ಕುಟುಂಬದ ತಲೆಗಳ ಮೊತ್ತವನ್ನಲ್ಲವೆಂದು ನಿರ್ಣಯಿಸಿದರು. ಆದುದರಿಂದ ತಾಯಿಗೆ 500ರ ಮಿತಿ, ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾಗಿ 500ರ ಮಿತಿ. ಸಂಹಿತೆಯ ಒಂದಕ್ಷರವೂ ಬದಲಾಗಲಿಲ್ಲ. ಸ್ಟೀಫನ್ನನ ಕಾಲದಿಂದ ತಾಯಿಯ ಸೆರಗಿಗೆ ಅಂಟಿಕೊಂಡಿದ್ದ ಮಗುವು ಮಾತ್ರ, ಈ ಅರ್ಥವಿವರಣೆಯಿಂದ, ಲೆಕ್ಕದ ಪುಸ್ತಕದಲ್ಲಿ ತನ್ನದೇ ಆದ ಪುಟವನ್ನು ಪಡೆಯಿತು.

ಇದರ ಪ್ರಯೋಜನವು ಮುಂದೆ ಕಾಣಬಂದಿತು. 1985ರಲ್ಲಿ ಷಾ ಬಾನೊ ಪ್ರಕರಣದ ತೀರ್ಪೂ, ಅದರ ಹಿಂದೆಯೇ ಎದ್ದ ಕೋಲಾಹಲವೂ, ಮುಸ್ಲಿಂ ವಿಚ್ಛೇದಿತೆಯರನ್ನು ಕುರಿತ 1986ರ ಕಾಯಿದೆಯೂ ಎಲ್ಲರಿಗೂ ತಿಳಿದ ಕಥೆ. ಆ ಕಾಯಿದೆಯಲ್ಲಿ, ತಾಯಿಯು ಮಗುವನ್ನು ಸಾಕುತ್ತಿದ್ದರೆ ಅದು ಹುಟ್ಟಿದಂದಿನಿಂದ ಎರಡು ವರ್ಷಗಳವರೆಗೆ ಹಿಂದಿನ ಗಂಡನು ತಕ್ಕ ಹಣವನ್ನು ಕೊಡಬೇಕೆಂಬ ಮಾತಿದ್ದಿತು. ಎರಡು ವರ್ಷ ಮುಗಿದ ಮೇಲೆ ತನ್ನ ಹೊಣೆಯೂ ಮುಗಿಯಿತೆಂದು ವಾದಿಸಿದ ತಂದೆಯರಿದ್ದರು. 1997ರಲ್ಲಿ ನ್ಯಾಯಮೂರ್ತಿ ಎ. ಎಸ್. ಆನಂದ್ ಅವರಿದ್ದ ಪೀಠವು, ಆ ಎರಡು ವರ್ಷದ ಹಣ ತಾಯಿಗೆ ಸಲ್ಲುವುದು, ಮಗುವಿಗೆ 125ನೆಯ ಕಲಮಿನಲ್ಲಿರುವ ಹಕ್ಕು ಬೇರೆಯೇ ಎಂದು ಹೇಳಿ ವಾದವನ್ನು ತಳ್ಳಿಹಾಕಿತು. ಹಿರಿಯರ ಧರ್ಮಜಿಜ್ಞಾಸೆಯ ಬಿರುಗಾಳಿಯಲ್ಲಿಯೂ ಮಗುವಿನ ಪುಟವು ಹರಿಯದೆ ಉಳಿಯಿತು.

1984ರ ಕಾಯಿದೆಯು ಕೌಟುಂಬಿಕ ನ್ಯಾಯಾಲಯಗಳಿಗೆ ಜನ್ಮವಿತ್ತು, ವಕೀಲರನ್ನಿಟ್ಟುಕೊಳ್ಳುವುದು ಅಲ್ಲಿ ಹಕ್ಕಲ್ಲವೆಂದೂ ಸಂಧಾನವೇ ಮೊದಲ ಕರ್ತವ್ಯವೆಂದೂ ವಿಧಿಸಿತು. ಅಂತಹ ನ್ಯಾಯಾಲಯದ ಪಡಸಾಲೆಯಲ್ಲಿ ಒಮ್ಮೆ ಕುಳಿತಿದ್ದವರು ಆ ನೋಟವನ್ನು ಮರೆಯಲಾರರು. ಬೆಂಚಿನ ಒಂದು ತುದಿಯಲ್ಲಿ ತಾಯಿ, ಇನ್ನೊಂದು ತುದಿಯಲ್ಲಿ ತಂದೆ, ನಡುವೆ ಶಾಲೆಯ ಸಮವಸ್ತ್ರದಲ್ಲಿಯೇ ಬಂದ ಹುಡುಗ. ಕರೆಯುವವನು ಹೆಸರನ್ನು ಕೂಗಿದಾಗ ಇಬ್ಬರೂ ಏಳುತ್ತಾರೆ. ಹುಡುಗನು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಚೀಲದ ಪಟ್ಟಿಯನ್ನು ಬಿಗಿದುಕೊಂಡು ಅಲ್ಲಿಯೇ ನಿಲ್ಲುತ್ತಾನೆ. ಒಳಗೆ ಕೇಳಿಬರುವ ವಾದಗಳು ಹೊಸವಲ್ಲ. ಮಗುವನ್ನು ನನಗೆ ತೋರಿಸುವುದಿಲ್ಲ, ಆದುದರಿಂದ ಕೊಡುವುದಿಲ್ಲ. ಅವಳೂ ಸಂಬಳ ತರುತ್ತಾಳೆ, ಆದುದರಿಂದ ಕೊಡುವುದಿಲ್ಲ. ಬಿಡುಗಡೆಯ ಒಪ್ಪಂದದಲ್ಲಿ ಏನೂ ಬೇಡವೆಂದು ಬರೆದುಕೊಟ್ಟಿದ್ದಾಳೆ, ಆದುದರಿಂದ ಕೊಡುವುದಿಲ್ಲ. ಬಾಕಿಗಾಗಿ ಸೆರೆಯಲ್ಲಿದ್ದು ಬಂದೆ, ಆದುದರಿಂದ ತೀರಿತು.

ಇವಕ್ಕೆ ನ್ಯಾಯಾಲಯಗಳು ಕಟ್ಟಿಕೊಟ್ಟ ಉತ್ತರಗಳೂ ಈಗ ಹಳೆಯವಾಗಿವೆ. ಭೇಟಿಯ ಹಕ್ಕು ಒಂದು ವ್ಯಾಜ್ಯ, ಪೋಷಣೆಯ ಹೊಣೆ ಇನ್ನೊಂದು. ಮೊದಲನೆಯದಕ್ಕೆ ಅಡ್ಡಿಯಾದರೆ ಅದಕ್ಕೆ ಬೇರೆ ಅರ್ಜಿಯುಂಟು, ಊಟವನ್ನು ನಿಲ್ಲಿಸುವಂತಿಲ್ಲ. ತಾಯಿಯು ಬರೆದುಕೊಟ್ಟುದು ತನ್ನ ಪಾಲಿನದಾದರೆ ಸರಿ; ಮಗುವಿನ ಹಕ್ಕನ್ನು ಬಿಟ್ಟುಕೊಡಲು ಅದು ಆಕೆಯದಲ್ಲ, ಆಕೆಯು ಮರುಮದುವೆಯಾದರೂ ಅದು ಅಳಿಯುವುದಿಲ್ಲ. ಸೆರೆಯು ಪಾವತಿ ಮಾಡಿಸುವ ಒತ್ತಾಯವೇ ಹೊರತು ಪಾವತಿಯಲ್ಲವೆಂದು 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಒಂದು ತಿಂಗಳು ಸರ್ಕಾರದ ಅನ್ನವನ್ನುಂಡು ಹೊರಬಂದವನ ಮೇಲೆ ಬಾಕಿಯು ಇದ್ದಂತೆಯೇ ಇರುತ್ತದೆ. ಇಬ್ಬರೂ ಗಳಿಸುವವರಾದರೆ ಇಬ್ಬರೂ ಕೊಡಬೇಕೆಂದು 2000ದಲ್ಲಿ ನಿರ್ಣಯವಾಯಿತು. ಆ ಪ್ರಕರಣದಲ್ಲಿ ತಂದೆಯ ವರಮಾನ ತಾಯಿಯದಕ್ಕಿಂತ ಇಮ್ಮಡಿಯಾಗಿದ್ದುದರಿಂದ, ಮಗುವಿನ ವೆಚ್ಚವನ್ನು ಎರಡಕ್ಕೆ ಒಂದರಂತೆ ಹಂಚಿದರು.

2001ರಲ್ಲಿ ಸಂಸತ್ತು, 1955ರಿಂದ 46 ವರ್ಷ ಕದಲದೆ ನಿಂತಿದ್ದ 500ರ ಮಿತಿಯನ್ನು ಕಡೆಗೂ ಕಿತ್ತುಹಾಕಿತು. ಮೊತ್ತವನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟು, ಮಧ್ಯಂತರದ ಹಣವನ್ನು ಕುರಿತ ಅರ್ಜಿಯನ್ನು ನೋಟೀಸು ತಲಪಿದ 60 ದಿನಗಳೊಳಗೆ ಸಾಧ್ಯವಾದಷ್ಟುಮಟ್ಟಿಗೆ ತೀರ್ಮಾನಿಸಬೇಕೆಂದು ಸೇರಿಸಿತು. ಮಿತಿ ಹೋದ ಮೇಲೆ ಹೊಸದೊಂದು ಕಷ್ಟ ತಲೆಯೆತ್ತಿತು: ತಂದೆಯ ವರಮಾನವೆಷ್ಟೆಂಬುದನ್ನು ಅರಿಯುವ ಬಗೆ ಹೇಗೆ? ನೆರೆಯವರ ಮುಂದೆ ಸಾಹುಕಾರನಾಗಿರುವವನು ನ್ಯಾಯಾಲಯದ ಕಟಕಟೆಯಲ್ಲಿ ದಿನಗೂಲಿಯವನಾಗುವ ಪರಿವರ್ತನೆಯನ್ನು ನೋಡಿ ನೋಡಿ ಬೇಸತ್ತ ಸರ್ವೋಚ್ಚ ನ್ಯಾಯಾಲಯವು, 2020ರ ನವೆಂಬರ್ 4ರಂದು, ಉಭಯ ಪಕ್ಷದವರೂ ತಮ್ಮ ಆಸ್ತಿ, ಸಾಲ, ವರಮಾನ, ವೆಚ್ಚಗಳನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದು ಸಲ್ಲಿಸಬೇಕೆಂದೂ, ಹಣವು ಆಜ್ಞೆಯಾದ ದಿನದಿಂದಲ್ಲ, ಅರ್ಜಿಯನ್ನು ಕೊಟ್ಟ ದಿನದಿಂದ ಸಲ್ಲಬೇಕೆಂದೂ ವಿಧಿಸಿತು. ವಾಯಿದೆಗಳನ್ನು ಬೇಡಿ ಬೇಡಿ ವರ್ಷಗಳನ್ನು ಕಳೆದರೂ ಬಾಕಿಯೇ ಬೆಳೆಯುವುದರಿಂದ, ಕಾಲಹರಣದಲ್ಲಿದ್ದ ಲಾಭವು ಇಲ್ಲವಾಯಿತು.

1969ರಲ್ಲಿ ತೆರೆದು 1973ರಲ್ಲಿ ಮುಚ್ಚಿದ ಆ ಪ್ರಶ್ನೆ, ಬೆಳೆದವನ ಓದಿನ ಪ್ರಶ್ನೆ, 2021ರಲ್ಲಿ ನಮ್ಮ ಕರ್ನಾಟಕದಿಂದಲೇ ದೆಹಲಿಗೆ ಹೋಯಿತು. ಆರೋಗ್ಯ ಇಲಾಖೆಯ ನೌಕರನಾದ ತಂದೆಯು ಮಗನಿಗೆ ತಿಂಗಳಿಗೆ 20,000 ರೂಪಾಯಿ ಕೊಡಬೇಕೆಂದು ಇಲ್ಲಿಯ ಕೌಟುಂಬಿಕ ನ್ಯಾಯಾಲಯವು ಆಜ್ಞೆ ಮಾಡಿದ್ದಿತು. ಸರ್ವೋಚ್ಚ ನ್ಯಾಯಾಲಯವು ಮೊತ್ತವನ್ನು 10,000ಕ್ಕೆ ಇಳಿಸಿತು. ಆದರೆ ವರ್ಷಕ್ಕೆ ಸಾವಿರದಂತೆ ಏರಿಸುತ್ತ, 18 ತುಂಬಿದರೂ ನಿಲ್ಲಿಸದೆ, ಮಗನು ಮೊದಲ ಪದವಿಯನ್ನು ಪಡೆಯುವವರೆಗೂ ಕೊಡಬೇಕೆಂದಿತು. ಈ ಕಾಲದಲ್ಲಿ 18 ವರ್ಷಕ್ಕೆ ಯಾರ ಓದೂ ಮುಗಿಯುವುದಿಲ್ಲವೆಂಬ ಲೋಕಾನುಭವವೇ ಅದಕ್ಕೆ ಆಧಾರ. ಮೊತ್ತವು ಅರ್ಧಕ್ಕಿಳಿದುದನ್ನು ತಂದೆಯ ಗೆಲವೆಂದು ಎಣಿಸುವವರು ಎಣಿಸಲಿ. ಹೊಣೆಯ ಗಡಿಯು ವಯಸ್ಸಿನಿಂದ ವಿದ್ಯೆಯತ್ತ ಸರಿದುದೇ ಅಲ್ಲಿಯ ದೊಡ್ಡ ಮಾತು.

ಈ ನಡುವೆ, ಹೆಚ್ಚು ಜನರ ಗಮನಕ್ಕೆ ಬಾರದೆ, ಇನ್ನೊಂದು ಲೆಕ್ಕವು ಮುಗಿದುಹೋಗಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯು, ಧಾರ್ಮಿಕ ಹೊಣೆಯೆಂಬ ಕಾರಣವೊಂದರಿಂದಲೇ ತಂದೆಯ ಸಾಲಕ್ಕಾಗಿ ಮಗನ ಮೇಲೆ ದಾವೆ ಹೂಡುವ ಹಕ್ಕನ್ನು ನ್ಯಾಯಾಲಯಗಳು ಮುಂದೆ ಮನ್ನಿಸತಕ್ಕದ್ದಲ್ಲವೆಂದು ಸಾರಿತು. ಕಲ್ಯಾಣದಲ್ಲಿ ವಿಜ್ಞಾನೇಶ್ವರನು ವಿವರಿಸಿದ್ದ ಆ ಋಣಕ್ಕೆ ಹೀಗೆ ಚುಕ್ತಾ ಬಿದ್ದಿತು. ಇತ್ತ, ಪೊಲೀಸಿನ ಅನುಕೂಲಕ್ಕಾಗಿ ಹುಟ್ಟಿದ ಋಣವು ಬೆಳೆಯುತ್ತಲೇ ಬಂದು, 2024ರ ಜುಲೈ 1ರಂದು ಹಳೆಯ ಸಂಹಿತೆಯು ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಬಂದಾಗಲೂ, 144ನೆಯ ಕಲಮಾಗಿ ಅಲ್ಲಿ ಸೇರಿಕೊಂಡಿತು. ಅದರ ಇಂಗ್ಲಿಷ್ ಪಾಠವನ್ನು ತೆರೆದು ನೋಡಿದರೆ 1898ರ ಆ ಪುಟ್ಟ ನಪುಂಸಕ ಸರ್ವನಾಮವು ಇಂದಿಗೂ ಇದ್ದಲ್ಲಿಯೇ ಇದೆ. 50 ರೂಪಾಯಿಯ ಮಿತಿ ಹೋಯಿತು, 100 ಹೋಯಿತು, 500 ಹೋಯಿತು. ತನ್ನನ್ನು ತಾನು ಸಾಕಿಕೊಳ್ಳಲಾರದ ಮಗು ಮಾತ್ರ ಕಲಮಿನಲ್ಲಿ ಹಾಗೆಯೇ ನಿಂತಿದೆ, ಪಡಸಾಲೆಯಲ್ಲಿ ಚೀಲದ ಪಟ್ಟಿಯನ್ನು ಹಿಡಿದು ನಿಂತ ಆ ಹುಡುಗನಂತೆ.